ಭಂಕೂರಿನ ಕಣ್ಣು, ಅಬರ್ಡೀನಿನ ಅಯಸ್ಕಾಂತ

ವಾಡಿ ಜಂಕ್ಷನ್

ಸ್ಕಾಟ್‌ಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಕಡೆಯವರು ಮೊದಲು ಕೇಳುವುದು, ಅಲ್ಲಿ ಊಟಕ್ಕೆ ಏನು ಮಾಡಿದಿ ಎಂದು. ಅದನ್ನೂ ಹೇಳುತ್ತೇನೆ. ಆದರೆ ನಾನು ಹೋದದ್ದು ಮೆದುಳಿನ ಕೆಲಸಕ್ಕೆ.

ವಯಸ್ಸಾದವರಿಗೆ ಬರುವ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಹೊರಗೆ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಮೆದುಳಿನೊಳಗೆ ಶುರುವಾಗಿರುತ್ತದೆ. ಅದನ್ನು ಸ್ಕ್ಯಾನಿಂಗ್ ಚಿತ್ರದಲ್ಲೋ ರಕ್ತದಲ್ಲೋ ಮುಂಚೆಯೇ ಗುರುತು ಹಿಡಿಯಬಹುದೇ ಎಂದು ಜಗತ್ತಿನ ನಾನಾ ಕಡೆ ಹುಡುಕುತ್ತಿದ್ದಾರೆ. ಕಲಬುರಗಿಯ ಒಂದು ಆಸ್ಪತ್ರೆಯೂ ಅಬರ್ಡೀನ್ ಊರಿನ ಒಂದು ತಂಡವೂ ಸೇರಿ ನಮ್ಮ ಹಳ್ಳಿಗಳಲ್ಲಿ ಅದೇ ಹುಡುಕಾಟ ನಡೆಸಿವೆ. ನಾನು ಅದರಲ್ಲಿ ಫೀಲ್ಡಿನವಳು. ಶಹಾಬಾದಿನ ಪಕ್ಕದ ನಮ್ಮ ಭಂಕೂರಿನಿಂದ ಹಿಡಿದು ಚಿಂಚೋಳಿ ತಾಲೂಕಿನ ಚಿಮ್ಮನಚೋಡದವರೆಗೆ ಮನೆಮನೆಗೆ ಹೋಗಿ, ಹಿರಿಯರನ್ನು ಒಪ್ಪಿಸಿ, ನೆನಪಿನ ಪರೀಕ್ಷೆ ಮಾಡಿ, ರಕ್ತ ತೆಗೆದು, ಫಾರಂ ತುಂಬಿ ಸಹಿ ಹಾಕುವುದು ನನ್ನ ಪಾಲು. ಮೂರು ವಾರದ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಅಬರ್ಡೀನಿನವರು ಕೇಳಿದಾಗ ನಮ್ಮ ಡಾಕ್ಟರ್ ಇಂದುಮತಿ ಮೇಡಂ ನನ್ನ ಹೆಸರು ಬರೆದರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬಿ.ಎಸ್ಸಿ. ಕೊನೆಯ ವರ್ಷವನ್ನು ಎರಡು ಸಲ ಬರೆದು ಪಾಸಾದೆ, ಮುಚ್ಚಿಡುವಂಥದ್ದೇನಿಲ್ಲ. ಅವ್ವನೂ ಅವ್ವನ ಅಣ್ಣ ಭೀಮಶಾ ಮಾಮಾನೂ ಫರ್ಸಿ ಕಲ್ಲಿನ ಖಣಿಗಳಲ್ಲಿ ದುಡಿದವರು. ನಿಮ್ಮ ಮನೆಯ ನೆಲಕ್ಕೆ ಬೂದು ಬಣ್ಣದ ಹಾಸುಗಲ್ಲು ಇದ್ದರೆ ಅದು ಅವರ ಕೈ ದಾಟಿ ಬಂದಿರಬಹುದು.

ಮಾಮಾನಿಗೆ ಈಗ ಎಪ್ಪತ್ತರ ಹತ್ತಿರ. ಒಂದೂವರೆ ವರ್ಷದಿಂದ ಮರೆಯುತ್ತಿದ್ದಾನೆ. ನನ್ನನ್ನು ಕಳಿಸಲು ವಾಡಿ ಸ್ಟೇಷನ್ನಿಗೆ ಬಂದಿದ್ದ. ಜೊತೆಗೆ ಅವನ ಹೆಂಡತಿ ನಾಗಮ್ಮ ಅತ್ತಿ.

"ಎಲ್ಲಿಗಿ ಹೊಂಟೀ ಸವ್ವಿ?"

"ಸ್ಕಾಟ್‌ಲೆಂಡ್, ಮಾಮಾ."

"ಹೈದ್ರಾಬಾದ್ ದಾಟಿ ಏನು?"

"ಭಾಳ ದಾಟಿ."

ಗಾಡಿ ಬರುವುದರೊಳಗೆ ಮೂರು ಸಲ ಇದೇ ಪ್ರಶ್ನೆ ಬಂತು. ಮೂರನೆಯ ಸಲಕ್ಕೆ ಅತ್ತಿಗೆ ತಡೆಯಲಾಗಲಿಲ್ಲ.

"ಮೈಕಿನ್ಯಾಗ ಹೇಳಸ್ಲೇನು? ಗಾಡಿ ಬರಾದು ಹೇಳ್ತಾರಲ್ಲ, ಹಂಗ ಹುಡುಗಿ ಎಲ್ಲಿಗಿ ಹೊಂಟಾಳಂತ ಹೇಳಸ್ತೀನಿ."

"ನಾ ಕೇಳಿದ್ದು ಒಂದೇ ಸಲ," ಎಂದ ಮಾಮಾ, ಪೂರ್ತಿ ಖಾತ್ರಿಯಿಂದ. ಆಮೇಲೆ ನನ್ನ ಕಡೆ ತಿರುಗಿ, "ಎಡಗಡಿ ಕಿಟಕಿಗಿ ಕುಂದ್ರು. ಚಿತ್ತಾಪುರ ದಾಟಿದ ಮ್ಯಾಲ ಬಲಗಡಿ ಬಿಸಲ ಬಡೀತದ," ಎಂದ. ಅದು ಸರಿಯಾಗಿಯೇ ಇತ್ತು. ಅವನ ಮರೆವು ಹಾಗೆ. ಹೊಸದನ್ನು ಹಿಡಿಯುವುದಿಲ್ಲ, ಹಳೆಯದನ್ನು ಬಿಡುವುದಿಲ್ಲ.

ಮಾಮಾನ ಮೆದುಳಿನ ಸ್ಕ್ಯಾನ್ ನಾನು ಊರಲ್ಲಿ ಇಲ್ಲದ ಎರಡನೆಯ ವಾರಕ್ಕೆ ನಿಗದಿಯಾಗಿತ್ತು. ಭಂಕೂರಿನ ಪಟ್ಟಿಯಲ್ಲಿ ಅವನೇ ಮೊದಲನೆಯವನು. ಉಳಿದವರಿಗೆ ಧೈರ್ಯ ಬರಲಿ ಎಂದು ನಾನೇ ಅವನ ಹೆಸರನ್ನು ಮೇಲೆ ಹಾಕಿಸಿದ್ದೆ. ಅವನ ಫಾರಂ ತುಂಬಿದವಳೂ ನಾನೇ.

ಚಿತ್ತಾಪುರ ಹೋಯಿತು, ಸೇಡಂ ಹೋಯಿತು, ಕೋಡ್ಲಾ ಕಡೆಯ ಸಿಮೆಂಟ್ ಚಿಮಣಿಗಳೂ ಹಿಂದೆ ಸರಿದವು. ಮುಂದಿನ ವಿಮಾನದ ಕಥೆಯನ್ನು ಎಲ್ಲರೂ ಬರೆದಿದ್ದಾರೆ, ಬಿಟ್ಟುಬಿಡುತ್ತೇನೆ. ಒಂದು ಮಾತ್ರ ಹೇಳಬೇಕು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನನ್ನ ಶೇಂಗಾ ಹಿಂಡಿಯ, ಎಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆಗೆದು, ಮೂಗಿನ ಹತ್ತಿರ ಹಿಡಿದು, ಐದಾರು ಸಲ ಸೀನಿದರು. ಆಮೇಲೆ ನನ್ನ ಚೀಲದ ಬೇರೇನನ್ನೂ ಮುಟ್ಟಲಿಲ್ಲ.

ಮೊದಲ ದಿನ: ಕಲ್ಲಿನ ಊರು

ಅಬರ್ಡೀನ್ ಗ್ರಾನೈಟ್ ಕಲ್ಲಿನ ಊರು. ಮನೆ, ಅಂಗಡಿ, ಚರ್ಚು, ಬೀದಿಯ ಅಂಚು, ಎಲ್ಲವೂ ಒಂದೇ ಬೂದು ಬಣ್ಣ. ಮಳೆ ನಿಂತು ಬಿಸಿಲು ಬಿದ್ದರೆ ಗೋಡೆಗಳು ಸಕ್ಕರೆ ಉದುರಿಸಿದಂತೆ ಮಿನುಗುತ್ತವೆ. ನಾನು ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಲ್ಲನ್ನು ಮುಟ್ಟಿ ನೋಡಿದೆ. ನಮ್ಮ ಫರ್ಸಿ ಪದರು ಪದರಾಗಿರುತ್ತದೆ. ಅಂಚಿನಲ್ಲಿ ಗೆರೆ ಹುಡುಕಿ ಉಳಿ ಇಟ್ಟು ಬಡಿದರೆ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಗೆರೆಯೇ ಇಲ್ಲ. ಇದನ್ನು ಹೇಗೆ ಸೀಳಿದರೋ ಎಂದು ಯೋಚಿಸುತ್ತಿರುವಾಗ ಮುದುಕರೊಬ್ಬರು ನಿಂತು, ಏನಾದರೂ ಬೀಳಿಸಿಕೊಂಡಿರಾ ಎಂದು ಕೇಳಿದರು. ಇಲ್ಲ, ಕಲ್ಲು ನೋಡುತ್ತಿದ್ದೇನೆ ಎಂದೆ. ಬಸ್ಸಿನಲ್ಲಿ ಪಕ್ಕದವರ ಮುಖವನ್ನೂ ನೋಡದ ಊರಿನಲ್ಲಿ ಆ ಮನುಷ್ಯ ಗಾಳಿಯಲ್ಲಿ ನಿಂತು ಅರ್ಧ ತಾಸು ಕಲ್ಲಿನ ವಿಷಯ ಹೇಳಿದರು. ಊರೊಳಗೇ ದೊಡ್ಡ ಖಣಿ ಇತ್ತಂತೆ. ಈಗ ಅದರ ತುಂಬ ನೀರು. ನಮ್ಮ ಹಳೆಯ ಖಣಿಗಳಲ್ಲಿಯೂ ನೀರೇ. ನಾವು ಅದರಲ್ಲಿ ಬಟ್ಟೆ ಒಗೆಯುತ್ತೇವೆ. ಅವರು ಸುತ್ತ ಬೇಲಿ ಹಾಕಿದ್ದಾರೆ.

ಅವರ ಇಂಗ್ಲಿಷು ನಾನು ಕಲಿತ ಇಂಗ್ಲಿಷಲ್ಲ. ಅರ್ಥವಾಗದ್ದು ನನ್ನ ಓದಿನ ಕೊರತೆ ಎಂದುಕೊಂಡು ಎರಡು ದಿನ ತಲೆ ತಗ್ಗಿಸಿ ಕುಳಿತೆ. ಮೂರನೆಯ ದಿನ, ಲಂಡನ್ನಿನಿಂದ ಬಂದ ವಿದ್ಯಾರ್ಥಿಯೂ "ಇನ್ನೊಮ್ಮೆ ಹೇಳಿ" ಎನ್ನುವುದು ಕಿವಿಗೆ ಬಿದ್ದು ಜೀವ ತಣ್ಣಗಾಯಿತು. ಬೆಂಗಳೂರಿನಲ್ಲಿ ನಾನು ಬಾಯಿ ತೆರೆದರೆ "ಓ, ನೀವು ಆ ಕಡೆಯವರಾ" ಎನ್ನುತ್ತಾರೆ. ಇವರಿಗೂ ಲಂಡನ್ನಿನಲ್ಲಿ ಹಾಗೇ ಆಗುತ್ತದಂತೆ.

ಊಟದ ವಿಷಯ ಕೇಳಿದಿರಲ್ಲ. ಅವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ ಎಂಟು ದಿನಕ್ಕೆ ಸಾಕಿತ್ತು. ಮೊದಲ ಮಧ್ಯಾಹ್ನವೇ ಸಮುದ್ರದ ಕಡೆಯ ಬೆಂಚಿನ ಮೇಲೆ ಕುಳಿತು ರೊಟ್ಟಿ ಮುರಿದೆ. ಕೋಳಿಯಷ್ಟು ದಪ್ಪದ ಬಿಳಿ ಹಕ್ಕಿಯೊಂದು ಹಿಂದಿನಿಂದ ಬಂದು ಇಡೀ ರೊಟ್ಟಿಯನ್ನು ಎತ್ತಿಕೊಂಡು ಹೋಯಿತು. ಹಿಂಡಿ ಮಾತ್ರ ಕೈಯಲ್ಲಿ ಉಳಿಯಿತು. ಆ ಹಕ್ಕಿಗಳಿಗೆ ಹೆದರಿ ಅಲ್ಲಿಯ ಜನ ಗೋಡೆಗೆ ಬೆನ್ನು ಕೊಟ್ಟು ನಿಂತು ತಿನ್ನುತ್ತಾರೆ. ನಾನೂ ಕಲಿತೆ.

ಮೂರನೆಯ ದಿನ: ಅವಸರದ ಔಷಧ

ಪೆಟ್ ಸ್ಕ್ಯಾನ್ ಎಂಬುದನ್ನು ಪುಸ್ತಕದಲ್ಲಷ್ಟೇ ಓದಿದ್ದೆ. ಸ್ವಲ್ಪ ವಿಕಿರಣ ಬೆರೆತ ಔಷಧವನ್ನು ರಕ್ತಕ್ಕೆ ಬಿಡುತ್ತಾರೆ. ಅದು ಮೆದುಳಿಗೆ ಹೋಗಿ, ಮರೆವಿನ ಕಾಯಿಲೆಯಲ್ಲಿ ಕೂಡಿಬೀಳುವ ಅಮಿಲಾಯ್ಡ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಎಲ್ಲಿ ಅಂಟಿತು ಎಂಬುದನ್ನು ಯಂತ್ರ ಹೊರಗಿನಿಂದ ಓದುತ್ತದೆ. ಔಷಧವನ್ನು ಬೆಳಿಗ್ಗೆ ತಯಾರಿಸಿದರೆ ಅದೇ ಹೊತ್ತಿಗೆ ಬಳಸಬೇಕು. ಎರಡು ತಾಸು ಹತ್ತಿರವಾದರೆ ಅರ್ಧ ಸತ್ವ ಹೋಗಿರುತ್ತದೆ. ಸೀಸದ ಡಬ್ಬಿಯಲ್ಲಿಟ್ಟು ಅದನ್ನು ತರುವ ಮನುಷ್ಯ ಯಾರ ಜೊತೆಗೂ ಮಾತಿಗೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹಾಲಿನ ಕ್ಯಾನ್ ಹೊತ್ತು ಚಿಂಚೋಳಿಗೆ ಓಡುವ ಚಿಮ್ಮನಚೋಡದವರ ನೆನಪಾಯಿತು.

ಆ ದಿನ ಔಷಧ ಹಾಕಿಸಿಕೊಂಡವಳು ಐಲ್ಸಾ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಎಂಬತ್ತರ ಮುದುಕಿ. ಕಾಯಿಲೆ ಏನಿಲ್ಲ, ತಾನಾಗಿ ಹೆಸರು ಕೊಟ್ಟವಳು. ಸೂಜಿ ಚುಚ್ಚಿಸಿಕೊಂಡು ಉಣ್ಣೆ ಹೆಣೆಯುತ್ತ ಕುಳಿತಳು.

"ಸತ್ತ ಮೇಲೆ ಮೆದುಳನ್ನೂ ಇವರಿಗೇ ಬರೆದುಕೊಟ್ಟಿದ್ದೇನೆ. ಮಕ್ಕಳಿಗೆ ಮನೆ, ಡಾಕ್ಟರಿಗೆ ತಲೆ," ಎಂದಳು.

"ಮಕ್ಕಳು ಒಪ್ಪಿದರೇ?" ಎಂದು ಕೇಳಿದೆ.

"ಮನೆಗಾಗಿ ಜಗಳ ನಡೆದಿದೆ. ತಲೆಯನ್ನು ಯಾರೂ ಕೇಳಿಲ್ಲ."

ನಮ್ಮಲ್ಲಿ ಎರಡು ಟ್ಯೂಬು ರಕ್ತ ತೆಗೆಯಲು ನಾನು ಎಷ್ಟು ಸಲ ಒಂದೇ ಓಣಿಗೆ ಹೋಗಿದ್ದೇನೋ. ಚಿಮ್ಮನಚೋಡದ ಅಜ್ಜಿಯೊಬ್ಬಳು ತೋಳು ಮುಂದೆ ಮಾಡಿ, "ತಗಿ, ಆದ್ರ ಹ್ವಾದದ್ದು ಯಾವಾಗ ತುಂಬಿ ಬರ್ತದ ಹೇಳಿ ತಗಿ," ಎಂದಿದ್ದಳು. ಐಲ್ಸಾಳಿಗೆ ಇದನ್ನು ಹೇಳಿದೆ. ಅದು ಸರಿಯಾದ ಪ್ರಶ್ನೆ, ನಾನೂ ಕೇಳಬೇಕಿತ್ತು ಎಂದಳು.

ಪರದೆಯ ಮೇಲೆ ಅವಳ ಮೆದುಳು ಕೆಂಪು ಹಳದಿಯಾಗಿ ಬಂತು. ನಿಜವಾಗಿ ಹೀಗೇ ಬಣ್ಣ ಇರುತ್ತದೆಯೇ ಎಂದು ಕೇಳಿದರೆ ಅಲ್ಲಿಯವರು ನಗಲಿಲ್ಲ. ಬಣ್ಣ ಕಂಪ್ಯೂಟರಿನದು, ಅಂಕಿಯನ್ನು ಕಣ್ಣಿಗೆ ಕಾಣಿಸಲು ಹಚ್ಚಿದ್ದು ಎಂದು ಹೇಳಿ, ಒಂದು ಗುಂಡಿ ಒತ್ತಿ ಹಸಿರು ಮಾಡಿ ತೋರಿಸಿದರು. ಪುಸ್ತಕದಲ್ಲಿ ಆ ಕೆಂಪನ್ನು ನೋಡಿ ಹೆದರುತ್ತಿದ್ದ ನನಗೆ ಸ್ವಲ್ಪ ನಾಚಿಕೆಯಾಯಿತು.

ಐದನೆಯ ದಿನ: ಹೆಸರಿಲ್ಲದ ರಕ್ತ

ಇದು ನನ್ನದೇ ಕೆಲಸ, ಇಲ್ಲಿ ಯಾರೂ ನನಗೆ ಕಲಿಸಬೇಕಿಲ್ಲ ಎಂಬ ಗರ್ವದಿಂದಲೇ ರಕ್ತದ ಕೋಣೆಗೆ ಹೋದೆ. ಮೊದಲು ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ನೀರು ತೆಗೆದರಷ್ಟೇ ತಿಳಿಯುತ್ತಿದ್ದ ಟೌ ಎಂಬ ಪ್ರೋಟೀನಿನ ಗುರುತು ಈಗ ತೋಳಿನ ರಕ್ತದಲ್ಲಿಯೇ ಸಿಗುತ್ತದೆ. ಅದು ಎಷ್ಟು ಕಡಿಮೆ ಇರುತ್ತದೆಂದರೆ, ರಕ್ತ ತೆಗೆದ ಮೇಲೆ ತಡಮಾಡಿದರೂ ಲೆಕ್ಕ ಕೆಡುತ್ತದೆ. ಅಭ್ಯಾಸಕ್ಕೆ ನನ್ನದೇ ರಕ್ತ ಕೊಟ್ಟು, ಟ್ಯೂಬಿನ ಮೇಲೆ ಚೆಂದದ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಸಾದಾ ಪೆನ್ನಿನಿಂದ. ಸ್ಪಿರಿಟ್ ತಾಗಿ ಹೆಸರು ಅಳಿಸಿಹೋಯಿತು. ಯಾರದೆಂದು ತಿಳಿಯದ ರಕ್ತವನ್ನು ಇಡುವಂತಿಲ್ಲ, ಚೆಲ್ಲಿಬಿಟ್ಟರು. ಯಾರೂ ಬೈಯಲಿಲ್ಲ. ಅಳಿಸದ ಪೆನ್ನು ಕೈಗಿತ್ತರು, ಅಷ್ಟೇ. ನನ್ನ ಗರ್ವ ಅರ್ಧ ಅಲ್ಲೇ ಇಳಿಯಿತು. ಉಳಿದರ್ಧ ಮುಂದಿನ ವಾರಕ್ಕೆ.

ಎಂಟನೆಯ ದಿನ: ಅಯಸ್ಕಾಂತದ ಬಾಗಿಲು

ಎಂ.ಆರ್.ಐ. ಯಂತ್ರ ಎಂದರೆ ಒಂದು ಭಾರಿ ಅಯಸ್ಕಾಂತ. ಅದಕ್ಕೆ ಹಗಲು ರಾತ್ರಿ ಇಲ್ಲ, ರಜೆ ಇಲ್ಲ. ಒಳಗೆ ಯಾರೂ ಮಲಗದಿದ್ದಾಗಲೂ ಕಬ್ಬಿಣವನ್ನು ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಅದರ ಬಾಗಿಲಲ್ಲಿ ಒಬ್ಬರು ಕಾವಲು ಇರುತ್ತಾರೆ. ಅಲ್ಲಿ ಇದ್ದವಳು ಮೋರಾಗ್, ಅರವತ್ತರ ಹತ್ತಿರದ ಕುಳ್ಳ ಹೆಂಗಸು. ತರಬೇತಿಗೆ ಬಂದ ಪ್ರತಿಯೊಬ್ಬರೂ ಒಮ್ಮೆ ಯಂತ್ರದೊಳಗೆ ಮಲಗಬೇಕು, ಬೇರೆಯವರನ್ನು ಮಲಗಿಸುವ ಮೊದಲು ಅದು ಹೇಗಿರುತ್ತದೆಂದು ತಿಳಿದಿರಬೇಕು ಎಂಬುದು ಅವರ ಪದ್ಧತಿ. ಅಂದು ನನ್ನ ಸರದಿ. ಗಡಿಯಾರದಲ್ಲಿ ಒಂಬತ್ತೂವರೆ.

ಫಾರಂನಲ್ಲಿ ಎಲ್ಲಕ್ಕೂ "ಇಲ್ಲ" ಎಂದು ಗುರುತು ಹಾಕಿ ಕೊಟ್ಟೆ. ಹೃದಯದ ಯಂತ್ರ ಇಲ್ಲ, ಆಪರೇಷನ್ನಿನಲ್ಲಿ ಹಾಕಿದ ಕ್ಲಿಪ್ ಇಲ್ಲ, ಕಣ್ಣಿಗೆ ಲೋಹದ ಚೂರು ಹೊಕ್ಕಿಲ್ಲ. ಮೋರಾಗ್ ಅದನ್ನು ಮತ್ತೆ ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು.

"ಇದೇ ಫಾರಂ ಕನ್ನಡದಲ್ಲಿದೆ. ಒಂದು ಊರಿನವರಿಗೆಲ್ಲ ನಾನೇ ತುಂಬಿದ್ದೇನೆ," ಎಂದೆ, ಬೇಗ ಮುಗಿಯಲಿ ಎಂದು.

ಅವಳು ಫಾರಂ ಬಿಟ್ಟು ನನ್ನ ಎಡಗೈಯ ಹಿಂಬದಿಯನ್ನು ನೋಡುತ್ತಿದ್ದಳು. ಅಲ್ಲಿ ಐದಾರು ನೀಲಿ ಚುಕ್ಕೆಗಳಿವೆ.

"ಇವೇನು?"

"ಕಲ್ಲಿನವು. ಶಾಲೆ ರಜೆಯಲ್ಲಿ ಮಾಮಾನ ಜೊತೆ ಖಣಿಗೆ ಹೋಗಿ ಕಲ್ಲಿನ ಅಂಚು ಹೊಡೆಯುತ್ತಿದ್ದೆ. ಆಗ ಸಿಡಿದದ್ದು."

"ಮಾಡಿದ ಕೆಲಸ ಎಂಬಲ್ಲಿ ವಿದ್ಯಾರ್ಥಿನಿ ಎಂದು ಬರೆದಿದ್ದೀರಿ."

"ಅದು ಕೆಲಸವಲ್ಲ. ಸುಮ್ಮನೆ ಕೈಜೋಡಿಸಲು ಹೋಗುತ್ತಿದ್ದೆ."

ಮೋರಾಗ್ ಕನ್ನಡಕ ತೆಗೆದಳು. "ನನ್ನ ಅಜ್ಜ ಗ್ರಾನೈಟ್ ಕಡಿಯುತ್ತಿದ್ದ. ಎಡಗೈ ತುಂಬ ಇದೇ ಚುಕ್ಕೆಗಳು. ಅವನೂ ಕಲ್ಲು ಎನ್ನುತ್ತಿದ್ದ. ಇದು ಕಲ್ಲಲ್ಲ ಸವಿತಾ, ಉಕ್ಕು. ಬಡಿದು ಬಡಿದು ಉಳಿಯ ತಲೆ ಅರಳುತ್ತದಲ್ಲ, ಅದರ ಅಂಚು ಮುರಿದು ಸಿಡಿಯುತ್ತದೆ. ಉಳಿ ಹಿಡಿದ ಕೈಗೆ ಬಡಿಯುತ್ತದೆ. ಕಣ್ಣಿಗೂ. ನಿ‌ಮ್ಮ ಕಣ್ಣಿಗೆ ಎಂದಾದರೂ ಏನಾದರೂ ಸಿಡಿದಿತ್ತೇ?"

"ಸಿಡಿದಿತ್ತು. ಎಲ್ಲರಿಗೂ ಸಿಡಿಯುತ್ತದೆ. ಗಂಗಮ್ಮ ಆಯಿ ತೆಗೆದುಬಿಡುತ್ತಿದ್ದಳು."

"ಯಾವುದರಿಂದ?"

"ನಾಲಿಗೆಯಿಂದ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆಯೇ ನನಗೆ ಅದು ವಿಚಿತ್ರ ಎನ್ನಿಸಿದ್ದು. ನಮ್ಮ ಖಣಿಗಳಲ್ಲಿ ಅದು ನಿತ್ಯದ ಮಾತು. ಕಣ್ಣಿಗೆ ಚಕ್ಕೆ ಬಿದ್ದರೆ ನಮ್ಮೂರಿನ ಮುದುಕಿ ಗಂಗಮ್ಮ ಆಯಿಯ ಮುಂದೆ ಹೋಗಿ ಕೂಡುವುದು. ಅವಳು ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯನ್ನು ಒಂದು ಸಲ ಆಡಿಸಿ, ಪಕ್ಕಕ್ಕೆ ಉಗುಳಿ, "ಹೋತು, ಏಳು," ಎನ್ನುವಳು. ಅಲ್ಲಿಗೆ ಮುಗಿಯಿತು. ಸಿಡಿಯುವುದೆಲ್ಲ ಕಲ್ಲು, ಆಯಿ ಮುಟ್ಟಿದ ಮೇಲೆ ಅದು ಹೋಯಿತು, ಇದು ಊರಿನ ನಂಬಿಕೆ. ಹೀಗಿರುವಾಗ ನಾನು ಪೆನ್ನು ಹಿಡಿದು, "ಕಣ್ಣಾಗ ಕಬ್ಬಣ ಏನರ ಹೊಕ್ಕಿತ್ತೇನು?" ಎಂದು ಕೇಳಿದರೆ ಯಾರು ಹೌದು ಎನ್ನುತ್ತಾರೆ? ಎಲ್ಲರೂ ಇಲ್ಲ ಎಂದರು. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಬೇರೆ ಊರಿನ ಹುಡುಗಿಯಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳೋ ಏನೋ. ನಾನು ಅವರವಳೇ, ಎಲ್ಲ ಗೊತ್ತಿದೆ ಎಂದು ಬರೆದು, ಕೆಳಗೆ ಸಹಿ ಹಾಕಿದೆ.

ಗೋಡೆಯ ಗಡಿಯಾರ ನೋಡಿದೆ. ಒಂಬತ್ತು ನಲವತ್ತು. ಕಲಬುರಗಿಯಲ್ಲಿ ಮಧ್ಯಾಹ್ನ ಎರಡು ಹತ್ತು. ಮಾಮಾನ ಸರದಿ ಅಂದೇ, ಎರಡೂವರೆಗೆ.

ಅದೇ ದಿನ, ಎರಡು ಊರಿನ ನಡುವೆ

ಇಂದುಮತಿ ಮೇಡಂಗೆ ಫೋನ್ ಮಾಡಿದೆ. ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದರೂ ಹಾಗೇ. ಆಗ ಹೊಳೆಯಿತು: ಆ ಬಾಗಿಲಿನ ಒಳಗೆ ಫೋನ್ ಒಯ್ಯುವಂತಿಲ್ಲ, ಅಲ್ಲಿಯೂ ಇಲ್ಲಿಯೂ. ಮಾಮಾನ ಫೋನಿಗೆ ಮಾಡಿದೆ. ಎರಡು ಸಲ ಕಟ್ಟಾಯಿತು. ಮೂರನೆಯ ಸಲಕ್ಕೆ ಅತ್ತಿಯ ದನಿ.

"ಯಾರು?"

"ಅತ್ತಿ, ನಾ ಸವಿತಾ. ಮಾಮಾ ಎಲ್ಲಿ?"

"ನೀ ಏನ ಯವ್ವ. ಕೆಂಪಂದು ಒತ್ತಾಕತ್ತಿದ್ದೆ, ಕಟ್ ಆಗಾಕತ್ತಿತ್ತು. ಉಂಡ್ಯಾ?"

"ಮಾಮಾ ಎಲ್ಲಿ, ಅತ್ತಿ?"

"ಒಳಗ ಕರ್ಕೊಂಡ ಹೋಗ್ಯಾರ. ಎಲ್ಲಾರ ಸಾಮಾನ ನನ್ನ ಉಡ್ಯಾಗ ಅದ. ಮಾಮಾನ ಗಡಿಯಾರ, ಕೀಲಿಕೈ, ಮೇಡಂನವ್ರ ಫೋನು. ನಾನೂ ಬರ್ತೀನಂದ್ರ ಕಾಲುಂಗುರ ತಗಿ ಅಂದ್ರು. ತಗದ ಮ್ಯಾಲ, ಹೊರಗ ಕುಂದ್ರು ಅಂದ್ರು. ಇದೆಂಥ ನ್ಯಾಯ?"

"ಮಷಿನ್ ಇರೋ ಖೋಲಿಗಿ ಹೋಗ್ಯಾನೇನು?"

"ಇನ್ನಾ ಇಲ್ಲ. ಉಡದಾರದ ಸಲುವಾಗಿ ಜಗಳ ನಡದದ."

ಉಡದಾರ ಎಂದರೆ ಸೊಂಟಕ್ಕೆ ಕಟ್ಟುವ ದಾರ. ನಮ್ಮಲ್ಲಿ ಗಂಡಸಿಗೆ ಕೂಸಾಗಿದ್ದಾಗ ಕಟ್ಟಿದರೆ ಹಳತಾದಂತೆ ಹೊಸದು ಕಟ್ಟಿ ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಸೊಂಟ ಬರಿದಾಗುವುದು ಹೆಣಕ್ಕೆ ಮಾತ್ರ. ಮಾಮಾನ ಉಡದಾರಕ್ಕೆ ಒಂದು ಲೋಹದ ತಾಯಿತವಿದೆ. ಒಳಗಿನವರು ಅದನ್ನು ಕತ್ತರಿಸಬೇಕೆಂದರಂತೆ. ಮಾಮಾ ಕತ್ತರಿಯನ್ನು ಕಸಿದು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಾನಂತೆ.

"'ನಾ ಇನ್ನಾ ಜೀವಂತ ಇದ್ದೀನಿ, ಕಾಣಂಗಿಲ್ಲೇನು' ಅನ್ಲಿಕತ್ತಾರ," ಎಂದಳು ಅತ್ತಿ. "ಬಿಡಸ್ಬೇಕಂತ ಮಾಡೀನಿ, ಬಾಗಲಾ ತಗೀವಲ್ರು."

"ಬಿಡಸಬ್ಯಾಡ ಅತ್ತಿ. ಜಗಳ ಆಡ್ಲಿ. ನೀ ಬಾಗಲಾ ಬಡಿ, ಮೇಡಂನವರ್ನ ಕರಿ."

"ಬಡದ್ರ ಬೈತಾರ. ಗಪ್ಪ ಕುಂದ್ರಂತ ಹೇಳ್ಯಾರ."

"ಬೈಲಿ. ಮಾಮಾನ ಕಣ್ಣಾಗ ಕಬ್ಬಣ ಇರಬೌದು. ಉಳಿದು. ಆ ಮಷಿನ್ ಅದನ್ನ ಜಗ್ತದ, ಕಣ್ಣ ಹೋಗ್ತದ. ಫಾರಂನ್ಯಾಗ ನಾ ತಪ್ಪ ಬರದೀನಿ."

ಆ ಕಡೆ ನೆಲದ ಮೇಲೆ ಏನೇನೋ ಉರುಳಿದ ಸದ್ದು. ಅವಳು ಎದ್ದು ನಿಂತಿದ್ದಳು. ಉಡಿಯಲ್ಲಿದ್ದದ್ದೆಲ್ಲ ಬಿದ್ದಿತ್ತು. ಬಾಗಿಲು ಬಡಿಯುವುದು ಕೇಳಿಸಿತು, ಒಂದು ಕೈಯಿಂದಲ್ಲ, ಎರಡೂ ಕೈಯಿಂದ. "ತಗೀರಿ. ನಮ್ಮವ್ರನ್ನ ಹೊರಗ ಕಳಸ್ರಿ. ಫೋಟೋ ಬ್ಯಾಡ ಏನ್ ಬ್ಯಾಡ." ಯಾರೋ ಗದರಿದರು. ಅತ್ತಿ ಅವರಿಗಿಂತ ದೊಡ್ಡ ದನಿಯಲ್ಲಿ ಗದರಿದಳು. ಕೊನೆಗೆ ಮೇಡಂ ದನಿ ಬಂತು. ನಡೆದದ್ದನ್ನು ಹೇಳಿದೆ.

"ಉಳದವರ ಫಾರಂ, ಸವಿತಾ?"

"ಎಲ್ಲಾರದೂ ಹಂಗೇ ಅದ ಮೇಡಂ. ಎಲ್ಲಾ ನಾನೇ ಬರದೀನಿ."

"ಆತು. ಇವತ್ತ ಎಲ್ಲಾ ನಿಲ್ಲಸ್ತೀನಿ. ಮೊದಲು ಕಣ್ಣಿನ ಎಕ್ಸ್‌ರೇ ಆಗ್ಲಿ. ನೀವು ನೀರ ಕುಡೀರಿ."

ಫೋನ್ ಇಟ್ಟಾಗ ಮೋರಾಗ್ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತೂ ತಿಳಿಯದಿದ್ದರೂ ಎಲ್ಲ ತಿಳಿದವಳಂತೆ ಚಹಾದ ಲೋಟ ಕೈಗೆ ಕೊಟ್ಟಳು. ಮಧ್ಯಾಹ್ನ ನನ್ನ ಕಣ್ಣಿನ ಎಕ್ಸ್‌ರೇ ಆಯಿತು. ಎಕ್ಸ್‌ರೇಯಲ್ಲಿ ಕಣ್ಣು ಕಾಣುವುದಿಲ್ಲ ಎಂಬುದು ನನಗೆ ಹೊಸದು; ಎಲುಬಿನ ಎರಡು ಗೂಡು ಕಾಣುತ್ತವೆ, ಅಷ್ಟೇ. ಕಬ್ಬಿಣ ಇದ್ದರೆ ಆ ಗೂಡಿನಲ್ಲಿ ಬೆಳ್ಳಗೆ ಹೊಳೆಯುತ್ತದೆ. ನನ್ನವು ಖಾಲಿ ಇದ್ದವು.

ಸಂಜೆ ಮೇಡಂ ಮಾಮಾನ ಎಕ್ಸ್‌ರೇ ಕಳಿಸಿದರು. ಬಲಗಡೆಯ ಗೂಡಿನಲ್ಲಿ ಸಾಸಿವೆಯ ಅರ್ಧದಷ್ಟು ಬಿಳಿ ಚುಕ್ಕೆ. ಕಣ್ಣುಗುಡ್ಡೆಗೆ ಒತ್ತಿಕೊಂಡಂತೆ ಪಕ್ಕದ ಮಾಂಸದಲ್ಲಿ ಕುಳಿತಿದೆ, ಅದನ್ನು ಮುಟ್ಟದೆ ಬಿಡುವುದೇ ಒಳ್ಳೆಯದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರಂತೆ.

ಒಂಬತ್ತನೆಯ ದಿನ: ತಪ್ಪಿನ ಫಾರಂ

ಅಲ್ಲಿ ತಪ್ಪಿಗೂ ಒಂದು ಫಾರಂ ಇದೆ. ಏನಾಯಿತು, ಹೇಗೆ ಗೊತ್ತಾಯಿತು, ಮುಂದೆ ಆಗದಂತೆ ಏನು ಮಾಡಬೇಕು. ಯಾರು ಮಾಡಿದರು ಎಂಬ ಪ್ರಶ್ನೆಯೇ ಅದರಲ್ಲಿಲ್ಲ. ನಮ್ಮಲ್ಲಿ ಅದು ಮೊದಲ ಪ್ರಶ್ನೆ. ನನ್ನ ಹೆಸರನ್ನು ನಾನಾಗಿಯೇ ಬರೆದೆ. ಇಷ್ಟು ವರ್ಷ ಓದಿ ಇಲ್ಲಿಗೆ ಬಂದು, ಇದನ್ನು ಬರೆದುಕೊಟ್ಟು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತೇನೆ ಎಂದೇ ಅಂದುಕೊಂಡಿದ್ದೆ.

ತಂಡದ ಹಿರಿಯ ಪ್ರೊಫೆಸರು ಅದನ್ನು ಓದಿ ನನ್ನನ್ನು ಬೈಯಲಿಲ್ಲ. ಅವರು ಹೇಳಿದ್ದು ಬೈಗುಳಕ್ಕಿಂತ ಕಷ್ಟದ್ದು. "ಸುಲಭದ ದಾರಿ ಎಂದರೆ ಕಲ್ಲಿನ ಕೆಲಸ ಮಾಡಿದವರನ್ನು ಪಟ್ಟಿಯಿಂದ ಕೈಬಿಡುವುದು. ಅಪಾಯ ಇರುವುದಿಲ್ಲ."

ಭಂಕೂರಿನ ಪಟ್ಟಿಯಲ್ಲಿ ಕಲ್ಲಿನ ಕೆಲಸ ಮಾಡದವರು ಬೆರಳೆಣಿಕೆಯಷ್ಟು. ನನ್ನ ಮಾತಿನ ಮೇಲೆ ತೋಳು ಚಾಚಿ ರಕ್ತ ಕೊಟ್ಟವರ ಮುಂದೆ ಹೋಗಿ ಏನು ಹೇಳಲಿ? ನನ್ನ ಇಂಗ್ಲಿಷಿನಲ್ಲಿ ಎಷ್ಟು ಬಂತೋ ಅಷ್ಟು ಹೇಳಿದೆ. "ಕಲ್ಲು ಒಡೆದವರನ್ನೆಲ್ಲ ಬಿಟ್ಟರೆ ನಿಮಗೆ ಸಿಗುವುದು ಯಾರ ಮೆದುಳು? ಮಾಸ್ತರರದು, ಗುಮಾಸ್ತರದು. ಶಾಲೆಗೆ ಹೋಗದವರ ಮೆದುಳಿನ ಚಿತ್ರ ನಿಮ್ಮ ಪುಸ್ತಕಗಳಲ್ಲಿ ಕಡಿಮೆ ಎಂದು ನೀವೇ ಹೇಳಿದಿರಿ. ಅದಕ್ಕೇ ನಮ್ಮ ಊರಿಗೆ ಬಂದಿರಿ. ಈಗ ಅವರೇ ಬೇಡ ಎಂದರೆ ನಮ್ಮ ಊರೇ ಏಕೆ?"

ಮೋರಾಗ್ ಬಾಗಿಲ ಹತ್ತಿರ ನಿಂತಿದ್ದಳು, ಸಭೆಗೆ ಕರೆದವಳಲ್ಲ. "ಎಲ್ಲರಿಗೂ ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯಿರಿ. ಅರ್ಧ ತಾಸಿನ ಕೆಲಸ. ನನ್ನ ಅಜ್ಜನಿಗೂ ಮರೆವು ಇತ್ತು, ಅವನನ್ನು ಯಾರೂ ನೋಡಲಿಲ್ಲ," ಎಂದಳು.

ಪ್ರೊಫೆಸರು ಪೆನ್ನಿನಿಂದ ಮೇಜನ್ನು ಮೆಲ್ಲಗೆ ತಟ್ಟುತ್ತ ಕುಳಿತರು. ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಕಣ್ಣು ಖಾಲಿ ಇದ್ದವರಿಗೆ ಎಂ.ಆರ್.ಐ.; ಕಬ್ಬಿಣ ಇದ್ದವರು ರಕ್ತದ ಗುರುತಿನ ಮೇಲೆಯೇ ಪಟ್ಟಿಯಲ್ಲಿ ಉಳಿಯುತ್ತಾರೆ. ಫಾರಂನ ಪ್ರಶ್ನೆಯನ್ನು ಹೊಸದಾಗಿ ನಾನೇ ಬರೆಯಬೇಕು.

ಮರುದಿನ ಯಂತ್ರದೊಳಗೆ ಮಲಗಿದೆ. ಜನ ಅದರ ಸದ್ದಿಗೆ ಹೆದರುತ್ತಾರೆ. ಟಕ್ ಟಕ್ ಟಕ್ ಎಂದು ಬಡಿಯುತ್ತದೆ, ನಿಲ್ಲುತ್ತದೆ, ಬೇರೆ ದನಿಯಲ್ಲಿ ಮತ್ತೆ ಬಡಿಯುತ್ತದೆ. ನನಗೆ ಐದು ನಿಮಿಷಕ್ಕೆ ನಿದ್ದೆ ಹತ್ತಿತು. ಕೂಸಾಗಿದ್ದಾಗ ಖಣಿಯಲ್ಲಿ ಇಂಥ ಸದ್ದಿನ ಪಕ್ಕದಲ್ಲೇ ಅವ್ವ ನನ್ನನ್ನು ಮಲಗಿಸುತ್ತಿದ್ದಳು.

ಭಂಕೂರ

ಹೊಸ ಪ್ರಶ್ನೆಯಲ್ಲಿ ಲೋಹವೂ ಇಲ್ಲ, ಕಬ್ಬಿಣವೂ ಇಲ್ಲ. "ಸಣ್ಣವರಿದ್ದಾಗಿನಿಂದ ಕೈಯಿಂದ ಏನೇನು ಕೆಲಸ ಮಾಡಿದ್ದೀರಿ, ಎಲ್ಲೆಲ್ಲಿ?" ಅಷ್ಟೇ. ಬಂದ ಮೂರನೆಯ ದಿನ ಮಾಮಾನ ಮನೆಯ ಕಟ್ಟೆಯ ಮೇಲೆ ಕುಳಿತು ಅವನಿಂದಲೇ ಶುರು ಮಾಡಿದೆ. ಅವನಿಗೆ ಇನ್ನು ಮುಂದೆ ಆ ಯಂತ್ರವಿಲ್ಲ. ಅವನ ಮರೆವು ಯಾವ ಜಾತಿಯದೆಂದು ರಕ್ತ ಏನು ಹೇಳುತ್ತದೋ ಕಾಯಬೇಕು. ಅದನ್ನು ಅವನಿಗೆ ಹೇಳಿದೆ.

"ಕಣ್ಣಾಗ ಕಬ್ಬಣ ಅದ ಅಂತೀ. ನಂಗ ಏನೂ ಹತ್ತಂಗಿಲ್ಲಲ್ಲ."

"ಅದು ಸುಮ್ಮ ಕುಂತದ ಮಾಮಾ. ಕುಂದ್ರಲಿ."

"ಇಷ್ಟ ದಿನ ಕಲ್ಲಿಗಿ ಬೈದ್ವಿ," ಎಂದ. "ಪಾಪ."

"ಕಲ್ಲಿಗಿ ಪಾಪ ಅಂತಾರ, ನನಗ ಒಂದಿನ ಅಂದಿಲ್ಲ," ಎಂದಳು ಒಳಗಿನಿಂದ ಅತ್ತಿ.

ಪ್ರಶ್ನೆ ಕೇಳಿದೆ. ಬೆಳಿಗ್ಗೆ ಉಂಡದ್ದನ್ನು ಹೇಳಲಾಗದ ಮನುಷ್ಯ ಏಳನೆಯ ವಯಸ್ಸಿನಿಂದ ಹೇಳತೊಡಗಿದ. ಯಾವ ಖಣಿ, ಯಾರ ಕೈಕೆಳಗೆ, ಎಷ್ಟು ಆಳಕ್ಕೆ ನೀರು ಬಂತು, ಯಾವ ಪದರು ಹಳದಿ ಇತ್ತು, ಯಾವುದು ನೀಲಿ. ನಾನು ಹಾಳೆ ತಿರುವಿದೆ, ಮತ್ತೊಂದು ಹಾಳೆ ತಂದೆ. ಅತ್ತಿ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ಕುಳಿತಳು.

"ಅದು ಮುಗಿದ ಮ್ಯಾಲ," ಎಂದ ಮಾಮಾ, "ಅದು ಮುಗಿದ ಮ್ಯಾಲ, ಹಳ್ಳದ ಬಾಜೂಕ… ಬೇವಿನ ಗಿಡ ಇತ್ತಲ್ಲ… ಅದು…"

ಮಾತು ನಿಂತಿತು. ಬೆರಳು ಗಾಳಿಯಲ್ಲಿ ಆಡುತ್ತಿತ್ತು. ಅತ್ತಿ ಹೇಳಲು ಬಾಯಿ ತೆರೆದಳು. ನಾನು ರೂಢಿಯಿಂದ ಕೈ ಎತ್ತಿ ಅವಳನ್ನು ತಡೆದೆ. ನೆನಪಿನ ಪರೀಕ್ಷೆಯಲ್ಲಿ ಯಾರೂ ಹೇಳಿಕೊಡುವಂತಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಹೆಂಡಂದಿರನ್ನು, ಮಕ್ಕಳನ್ನು ಹೀಗೆ ಕೈ ಎತ್ತಿ ಸುಮ್ಮನಿರಿಸಿದ್ದೇನೋ. ಮಾಮಾ ನನ್ನ ಮುಖ ನೋಡಿದ. ವಾಡಿ ಸ್ಟೇಷನ್ನಿನಲ್ಲಿ ಖಾತ್ರಿಯಿಂದ ಮಾತಾಡಿದ ಮನುಷ್ಯನಲ್ಲ. ದಾರಿ ಕೇಳುವವನಂತೆ ನೋಡಿದ.

ಇದು ಪರೀಕ್ಷೆಯ ಹಾಳೆಯಲ್ಲ. ಕೈ ಇಳಿಸಿದೆ.

"ಮರಡಿ ಖಣಿ, ಮಾಮಾ. ನಾನೂ ಇದ್ದೆ ಅಲ್ಲಿ."

"ಹೌದಲ್ಲ," ಎಂದ. ಮುಖ ಬಿಚ್ಚಿಕೊಂಡಿತು. "ಮರಡಿ ಖಣಿ. ನೀ ಅಂಚು ಹೊಡಿತಿದ್ದಿ. ನೆಟ್ಟಗ ಹೊಡಿತಿದ್ದಿ. ಬರಿ."

ಬರೆದೆ. ಅದರ ಮುಂದೆ, ಅಲ್ಲಿ ದುಡಿದವರೆಂದು, ಅವನ ಹೆಸರು, ಅದರ ಕೆಳಗೆ ನನ್ನದು.